‘ರೇರಾ ನಂಬರ್ ಇದೆ ಸಾರ್’ ಅಂದ ಕೂಡಲೇ ದುಡ್ಡು ಕಟ್ಟಬೇಡಿ

ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಕೊಡುವ ನೋಂದಣಿ ನಂಬರ್ ಇದ್ದರೆ ನಮ್ಮ ದುಡ್ಡಿಗೆ ಸರ್ಕಾರವೇ ಜವಾಬ್ದಾರಿ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ, ಖಂಡಿತ ಅಲ್ಲ. ಬಿಲ್ಡರ್ ಕಾಗದಪತ್ರ ಕೊಟ್ಟು ಪ್ರಾಜೆಕ್ಟ್ ನೋಂದಣಿ ಮಾಡಿಸಿದ್ದಾನೆ ಅಂತ ಅದರ ಅರ್ಥ, ಅಷ್ಟೇ. ಚಿಕ್ಕಪುಟ್ಟ ಕಟ್ಟಡ ಬಿಟ್ಟರೆ ನೋಂದಣಿ ಇಲ್ಲದೆ ಯಾರೂ ಜಾಹೀರಾತನ್ನೂ ಹಾಕುವಂತಿಲ್ಲ. ಹಾಗಾಗಿ ಒಳ್ಳೆಯ ಬಿಲ್ಡರ್ ಹತ್ತಿರವೂ ಆ ನಂಬರ್ ಇರುತ್ತದೆ, ನಮಗೆ ಸಿಕ್ಕಂಥವನ ಹತ್ತಿರವೂ ಇರುತ್ತದೆ.

ನಮಗೆ ಫ್ಲಾಟ್ ತೋರಿಸಿದ ಸೇಲ್ಸ್ ಹುಡುಗ ಏನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದ. ಯಾವಾಗ ಕೊಡುತ್ತೀರಿ? ರೇರಾ ಇದೆ ಸಾರ್. ತಡವಾದರೆ? ರೇರಾ ಇದೆ ಸಾರ್, ಟೆನ್ಷನ್ ಯಾಕೆ? ಅಗ್ರಿಮೆಂಟಿನಲ್ಲಿ ಬರೆದ ತಾರೀಕು ಕಳೆಯಿತು, ಮೇಲಿನ ಮಹಡಿಗಳು ಏಳಲೇ ಇಲ್ಲ. ಈ ಕಡೆ ಬ್ಯಾಂಕಿನ ಇಎಂಐ, ಆ ಕಡೆ ಮನೆ ಬಾಡಿಗೆ. ಫೋನ್ ಮಾಡಿದರೆ ಲೇಬರ್ ಇಲ್ಲ, ಮಳೆ, ಮುಂದಿನ ಕ್ವಾರ್ಟರ್‌ನಲ್ಲಿ ಗ್ಯಾರಂಟಿ.

ಕೊನೆಗೆ ರೇರಾಗೆ ದೂರು ಕೊಟ್ಟೆವು. 2016ರ ರೇರಾ ಕಾಯ್ದೆ ಓದಿದರೆ ಬಲವಾಗಿಯೇ ಇದೆ. ಹೇಳಿದ ತಾರೀಕಿಗೆ ಮನೆ ಕೊಡದಿದ್ದರೆ 18ನೇ ಸೆಕ್ಷನ್ ಪ್ರಕಾರ ಕೊಂಡವರು ಹೊರಗೆ ಬಂದು ಕಟ್ಟಿದ ದುಡ್ಡನ್ನು ಬಡ್ಡಿ ಸಮೇತ ಕೇಳಬಹುದು. ನಮ್ಮ ರಾಜ್ಯದ ನಿಯಮದಲ್ಲಿ ಆ ಬಡ್ಡಿ ಎಸ್‌ಬಿಐ ಎಂಸಿಎಲ್‌ಆರ್ (ಸಾಲದ ಬಡ್ಡಿಗೆ ಬ್ಯಾಂಕ್ ಇಟ್ಟುಕೊಳ್ಳುವ ಮೂಲ ದರ) ಜೊತೆಗೆ ಶೇ 2. ಆರ್ಡರ್ ನಮ್ಮ ಪರವಾಗಿಯೇ ಬಂತು. ಅವತ್ತೇ ಅಪ್ಪನಿಗೆ ಫೋನ್ ಮಾಡಿ ‘ದುಡ್ಡು ವಾಪಸ್ ಬಂತು ಅಂದ್ಕೋ ಅಪ್ಪಾ’ ಅಂದೆ. ಊರಿನ ಜಮೀನು ಮಾರಿ ಅವರು ಕೊಟ್ಟ ದುಡ್ಡು ಅದರಲ್ಲಿತ್ತು. ಆಮೇಲೆ ಅವರು ಪ್ರತಿ ಸಲ ‘ಬಂತಾ?’ ಅಂತ ಕೇಳುವಾಗ ನನಗೆ ಆಗುವ ನಾಚಿಕೆ ಯಾರಿಗೂ ಬೇಡ.

ಯಾಕೆಂದರೆ ಆರ್ಡರ್ ಹಿಡಿದು ಬಿಲ್ಡರ್ ಆಫೀಸಿಗೆ ಹೋದಾಗ ಅಲ್ಲಿನ ಮ್ಯಾನೇಜರ್ ಅದನ್ನು ಓದಲೂ ಇಲ್ಲ. ‘ಇಂಥವು ನಮ್ಮ ಹತ್ತಿರ ತುಂಬಾ ಇವೆ ಸಾರ್’ ಅಂದ. ಇದು ಆದೇಶ, ಗಡುವು ಬರೆದಿದ್ದಾರೆ ನೋಡಿ ಅಂದೆ. ‘ಕಟ್ಟದಿದ್ದರೆ ಏನು ಮಾಡ್ತಾರೆ? ಆರ್‌ಸಿ (ರಿಕವರಿ ಸರ್ಟಿಫಿಕೇಟ್, ವಸೂಲಿ ಪತ್ರ) ಕಳಿಸ್ತಾರೆ. ಕಳಿಸಲಿ ಬಿಡಿ. ನೀವು ಪ್ರೊಸೀಜರ್ ಪ್ರಕಾರ ಹೋಗಿ, ನಾವು ಬೇಡ ಅಂದ್ವಾ?’ ದನಿಯನ್ನೂ ಏರಿಸಲಿಲ್ಲ. ಕುಡಿಯಲು ನೀರು ತರಿಸಿದ. ಬೈದು ಕಳಿಸಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬುಕಿಂಗ್ ದಿನ ರೇರಾ ರೇರಾ ಅಂತ ನಮ್ಮನ್ನು ನಂಬಿಸಿದ್ದು ಇದೇ ಆಫೀಸು, ಅಲ್ವಾ?

ಅವನು ಹೇಳಿದ್ದು ನಿಜ ಅಂತ ಆಮೇಲೆ ತಿಳಿಯಿತು. ಪ್ರಾಧಿಕಾರಕ್ಕೆ ಆದೇಶ ಮಾಡುವ, ದಂಡ ಹಾಕುವ, ನೋಂದಣಿ ರದ್ದು ಮಾಡುವ ಅಧಿಕಾರ ಇದೆ. ಆದರೆ ಬಿಲ್ಡರ್ ದುಡ್ಡು ಕೊಡದಿದ್ದರೆ 40ನೇ ಸೆಕ್ಷನ್ ಪ್ರಕಾರ ಅದನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಅಂದರೆ ರಿಕವರಿ ಸರ್ಟಿಫಿಕೇಟ್ ಡಿಸಿ ಆಫೀಸಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರ್ ಹತ್ತಿರ. ಅಲ್ಲಿ ನಮಗೆ ಸಿಕ್ಕ ಉತ್ತರ: ‘ಆ ಕಂಪನಿ ಹೆಸರಿನಲ್ಲಿ ಆಸ್ತಿ ಎಲ್ಲಿದೆ, ಸರ್ವೆ ನಂಬರ್ ತನ್ನಿ.’ ನಾವೇ ಹುಡುಕಬೇಕಂತೆ! ಹುಡುಕಿದರೆ, ಪ್ರಾಜೆಕ್ಟಿನ ಜಮೀನು ಬಿಲ್ಡರ್ ಹೆಸರಿನಲ್ಲೇ ಇಲ್ಲ, ಅದು ಜಾಯಿಂಟ್ ಡೆವಲಪ್‌ಮೆಂಟ್, ಅಂದರೆ ಜಮೀನು ಬೇರೆ ಮಾಲೀಕರದು, ಕಟ್ಟುವುದು ಮಾತ್ರ ಬಿಲ್ಡರ್. ಜಪ್ತಿ ಮಾಡುವುದು ಏನನ್ನು?

ಇನ್ನೊಂದು ವಿಷಯ. ಬಿಲ್ಡರ್ ಅಪೀಲು ಹೋಗಬೇಕಾದರೆ ನಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ ಸಮೇತ ಮೊದಲು ಠೇವಣಿ ಇಡಬೇಕು. ಒಳ್ಳೆಯ ನಿಯಮ. ಆದರೆ ನಮ್ಮವನು ಅಪೀಲೂ ಹೋಗಲಿಲ್ಲ, ಕಟ್ಟಲೂ ಇಲ್ಲ, ಸುಮ್ನೆ ಕೂತುಬಿಟ್ಟ. ಸುಮ್ಮನೆ ಕೂರುವವನನ್ನು ಏಳಿಸಲು ಮತ್ತೆ ನಾವೇ ಓಡಾಡಬೇಕು. ಇಷ್ಟರ ಮೇಲೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿಬಿಟ್ಟರೆ ವಸೂಲಿಯೂ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಬುಕಿಂಗ್‌ಗೆ ಮೊದಲು ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಹೆಸರು ಮಾತ್ರ ನೋಡಬೇಡಿ, ಬಿಲ್ಡರ್‌ನ ಹಳೆಯ ಪ್ರಾಜೆಕ್ಟುಗಳ ಮೇಲಿನ ದೂರುಗಳನ್ನೂ ಹುಡುಕಿ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಕಂಪನಿ ಮಾಡಿರುತ್ತಾರೆ, ಪಾಲುದಾರರ ಹೆಸರಿನಲ್ಲೂ ಹುಡುಕಿ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಜಾಸ್ತಿ ಕೇಳುವುದು ಕಾನೂನಿಗೆ ವಿರುದ್ಧ. ಕೇಳಿದರೆ ಎದ್ದು ಬನ್ನಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ, ದೂರಿನಲ್ಲಿ ಜಮೀನಿನ ಮಾಲೀಕರನ್ನೂ ಸೇರಿಸಿ. ಕಟ್ಟುವವನು ಬೇರೆ, ಮಾರುವವನು ಬೇರೆ ಆದರೆ ಇಬ್ಬರೂ ಪ್ರವರ್ತಕರೇ (ಪ್ರಮೋಟರ್), ಇಬ್ಬರಿಗೂ ಹೊಣೆ ಇದೆ ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮ ವಕೀಲರು ಬಿಲ್ಡರ್ ಒಬ್ಬನ ಹೆಸರು ಹಾಕಿ ಕೈತೊಳೆದುಕೊಂಡರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಆರ್ಡರ್ ಬರುವವರೆಗೂ ಕಾಯದೆ ಬಿಲ್ಡರ್‌ನ ಬೇರೆ ಆಸ್ತಿಗಳ ಸರ್ವೆ ನಂಬರ್, ಮಾರಾಟವಾಗದ ಫ್ಲಾಟುಗಳ ಪಟ್ಟಿ, ಬ್ಯಾಂಕ್ ಖಾತೆಯ ವಿವರ ಈಗಲೇ ಕೂಡಿಹಾಕಿ. ತಾಲ್ಲೂಕು ಕಚೇರಿಯಲ್ಲಿ ಮೊದಲು ಕೇಳುವುದೇ ಅದನ್ನು.