ಮೈಟಿ ಮೆಡಿಕ್ ವೇಪೊರೈಸರ್: ಮೂರು ವರ್ಷಗಳ ಬಳಕೆಯ ನಂತರ

ಬೆನ್ನುಹುರಿಯ ಗಾಯದಿಂದ ಉಳಿದುಕೊಂಡ ನರನೋವಿಗಾಗಿ, ಸ್ಟುಟ್‌ಗಾರ್ಟ್‌ನಲ್ಲಿ ವೈದ್ಯರು ಬರೆದುಕೊಟ್ಟ ಗಾಂಜಾ ಹೂವನ್ನು ಮೂರು ವರ್ಷಗಳಿಂದ ಈ ಸಾಧನದ ಮೂಲಕ ಸೇವಿಸುತ್ತಿದ್ದೇನೆ. ಜರ್ಮನಿಯಲ್ಲಿ 2017ರ ಮಾರ್ಚ್‌ನಿಂದ ಇದನ್ನು ಔಷಧವಾಗಿ ಕೊಡಲು ಕಾನೂನಿನ ಅವಕಾಶವಿದೆ. ಸಾಧನವು ಹೂವನ್ನು ಸುಡುವುದಿಲ್ಲ. 210 ಡಿಗ್ರಿ ಸೆಲ್ಸಿಯಸ್ ಮೀರದಂತೆ ಕಾಯಿಸಿ ಆವಿಯನ್ನಷ್ಟೇ ಹೊರಡಿಸುತ್ತದೆ. ಅದು ತನ್ನ ಕೆಲಸವನ್ನು ಮೊದಲ ದಿನದಿಂದಲೇ ಸರಿಯಾಗಿ ಮಾಡಿತು, ಎಳೆಯುವುದನ್ನು ಕಲಿಯಲು ಮಾತ್ರ ನನಗೆ ಒಂದು ವರ್ಷ ಬೇಕಾಯಿತು.

ಜಾತ್ರೆಗಳಲ್ಲಿ ಸಾಧುಗಳು ಚಿಲುಮೆ ಸೇದಿ ದಮ್ಮು ಕಟ್ಟಿ ಕೂರುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೆ. ಹೀಗಾಗಿ ನಾನೂ ಒಂದೇ ಉಸಿರಿಗೆ ಜೋರಾಗಿ ಎಳೆದು, ಇಪ್ಪತ್ತು ಎಣಿಸುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದೆ. ತಲೆ ಹಗುರಾಗುತ್ತಿತ್ತು, ಅದನ್ನೇ ಔಷಧದ ಗುಣವೆಂದು ನಂಬಿದ್ದೆ. ಬಹುಪಾಲು ಅದು ಉಸಿರು ಕಟ್ಟಿದ್ದರ ಫಲವಿರಬೇಕು. ಗಾಂಜಾದಲ್ಲಿ ಅಮಲು ತರುವ ಮುಖ್ಯ ಅಂಶವಾದ ಟಿಎಚ್‌ಸಿ ಶ್ವಾಸಕೋಶದ ವಾಯುಕೋಶಗಳ ತೆಳುಪೊರೆಯನ್ನು ಬಹಳ ಬೇಗ ದಾಟಿ ರಕ್ತ ಸೇರುತ್ತದೆ. ಝ್ಯಾಕ್ನಿ ಮತ್ತು ಚೈಟ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಾಂಜಾ ಹೊಗೆಯನ್ನು 20 ಸೆಕೆಂಡು ಹಿಡಿದರೂ ಅಮಲು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಹೆಚ್ಚಿದ್ದು ಕಾರ್ಬನ್ ಮೊನಾಕ್ಸೈಡ್. ಆವಿಯಲ್ಲಿ ಆ ಅನಿಲದ ಕಾಟ ಬಹಳ ಕಡಿಮೆ, ಆದರೂ ಉಸಿರು ಬಿಗಿಹಿಡಿದು ಕೆಮ್ಮುವುದರಿಂದ ನನಗೆ ದಕ್ಕಿದ್ದು ಗಂಟಲುರಿ ಮಾತ್ರ.

ಈಗ ಎಂಟು ಹತ್ತು ಸೆಕೆಂಡು ಮೆಲ್ಲನೆ, ಬಿಸಿ ಹಾಲನ್ನು ಗುಟುಕರಿಸುವಷ್ಟು ನಿಧಾನವಾಗಿ ಎಳೆಯುತ್ತೇನೆ. ಆವಿಯನ್ನು ಬಾಯಲ್ಲಿ ತುಂಬಿಕೊಳ್ಳದೆ ನೇರವಾಗಿ ಎದೆಗಿಳಿಸಿ, ಎರಡು ಮೂರು ಸೆಕೆಂಡು ತಡೆದು ಬಿಡುತ್ತೇನೆ. ಜೋರಾಗಿ ಎಳೆದರೆ ಗಾಳಿಯ ರಭಸಕ್ಕೆ ಹೂವು ತಣಿದು ಆವಿ ತೆಳುವಾಗುತ್ತದೆ, ಅದರಲ್ಲಿ ಒಂದಿಷ್ಟು ಗಂಟಲಿಗೇ ಬಡಿದು ನಿಲ್ಲುತ್ತದೆ. ಒಟ್ಟು ಎಷ್ಟು ಆವಿ ಶ್ವಾಸಕೋಶದ ಆಳಕ್ಕೆ ಇಳಿಯಿತು ಎಂಬುದೇ ಲೆಕ್ಕ. ಸೇದಿದ ಟಿಎಚ್‌ಸಿಯಲ್ಲಿ ರಕ್ತಕ್ಕೆ ಸೇರುವ ಪಾಲು ಶೇ. 10ರಿಂದ 35ರವರೆಗೆ ಹರಡಿಕೊಂಡಿರುವುದಕ್ಕೆ ಎಳೆಯುವ ಬಗೆಯೂ ಒಂದು ಕಾರಣ.

ಇದರಿಂದ ಒಂದು ಪೇಚೂ ಆಯಿತು. ಎಳೆಯುವ ಕ್ರಮ ಸರಿಹೋದ ವಾರ, ಹಳೆಯ ಅಂದಾಜಿನಲ್ಲೇ ನಾಲ್ಕು ಬಾರಿ ಎಳೆದು, ಎದೆ ಡವಗುಟ್ಟಿ ಸಂಜೆಯೆಲ್ಲ ಮಲಗಬೇಕಾಯಿತು. ರಕ್ತದಲ್ಲಿ ಟಿಎಚ್‌ಸಿ ತುತ್ತತುದಿಗೇರಲು 3ರಿಂದ 10 ನಿಮಿಷ ಹಿಡಿಯುತ್ತದೆ, ಅದರ ಪರಿಣಾಮ ಇನ್ನೂ ತಡವಾಗಿ ತಿಳಿಯಬಹುದು. ಈಗ ಒಂದು ಬಾರಿ ಎಳೆದು ಕಾಲು ಗಂಟೆ ಕಾಯುತ್ತೇನೆ. ಎರಡನೆಯದು ಹಲವು ದಿನ ಬೇಕಾಗುವುದೇ ಇಲ್ಲ, ತಿಂಗಳ ಹೂವೂ ಉಳಿಯುತ್ತದೆ.

ಆವಿಯನ್ನು ತಣಿಸುವ ಮೇಲಿನ ಭಾಗದಲ್ಲಿ ಅಂಟು ಕೂಡಿಕೊಳ್ಳುತ್ತದೆ. ನಾನು ಸೋಮಾರಿತನದಿಂದ ಎರಡು ತಿಂಗಳು ತೊಳೆಯದೆ ಬಿಟ್ಟಾಗ ದಾರಿ ಕಿರಿದಾಗಿ, ನನಗೇ ತಿಳಿಯದಂತೆ ಮತ್ತೆ ಜೋರಾಗಿ ಎಳೆಯತೊಡಗಿದ್ದೆ.