ಮ್ಯಾಪ್ ನೋಡದೆ ಅಲೆಯಲು ಯಾವ ಗೇಮ್? ಐದನ್ನು ಆಡಿ ನೋಡಿದ ಮೇಲೆ

ಓಪನ್ ವರ್ಲ್ಡ್ (ಎತ್ತ ಬೇಕಾದರೂ ತಿರುಗಬಹುದಾದ ಜಗತ್ತು) ಎಂದು ಹೇಳಿಕೊಳ್ಳದ ಆರ್‌ಪಿಜಿ (ಪಾತ್ರವೊಂದನ್ನು ಬೆಳೆಸುತ್ತಾ ಆಡುವ ಗೇಮ್) ಈಗ ಹುಡುಕಿದರೂ ಸಿಗುವುದು ಕಷ್ಟ. ಮ್ಯಾಪ್ ಎಷ್ಟು ದೊಡ್ಡದು ಎನ್ನುವುದನ್ನೇ ಎಲ್ಲರೂ ಡಂಗುರ ಸಾರುತ್ತಾರೆ. ಬರೀ ದೊಡ್ಡದಾಗಿದ್ದರೆ ಏನು ಬಂತು? 1996ರಲ್ಲೇ ಬಂದ ಡ್ಯಾಗರ್‌ಫಾಲ್‌ನ ಜಗತ್ತು ಈಗಿನ ಗೇಮ್‌ಗಳೂ ನಾಚುವಷ್ಟು ವಿಶಾಲ; ಆದರೆ ಬಹುಪಾಲು ಕಂಪ್ಯೂಟರೇ ಹೆಣೆದ ಖಾಲಿ ಬಯಲು, ಒಂದೂರಿಂದ ಇನ್ನೊಂದೂರಿಗೆ ನಡೆದೇ ಹೋಗುವ ಉಸಾಬರಿಗೆ ಯಾರೂ ಹೋಗುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟು: ದೂರದಲ್ಲೊಂದು ಗುಡ್ಡ ಕಂಡು ಅತ್ತ ಹೊರಟರೆ ಗೇಮ್ ನನ್ನ ರಟ್ಟೆ ಹಿಡಿದು ಎಳೆಯಬಾರದು, ಮತ್ತು ಆ ಗುಡ್ಡದ ಮೇಲೆ ಹೋದದ್ದಕ್ಕೂ ಸಾರ್ಥಕವಾಗುವಂಥದ್ದು ಏನಾದರೂ ಇರಬೇಕು.

ಹಾಗಾಗಿ ಎಲ್ಲವನ್ನೂ ಒಂದೇ ಕಟ್ಟಳೆಯಲ್ಲಿ ಆಡಿದೆ. ಶುರುವಿನ ಟ್ಯುಟೋರಿಯಲ್ ಮುಗಿದ ಕೂಡಲೇ ಮುಖ್ಯ ಕತೆಗೆ ಬೆನ್ನು ಹಾಕುವುದು, ಫಾಸ್ಟ್ ಟ್ರಾವೆಲ್ (ಮ್ಯಾಪ್‌ನಿಂದಲೇ ದೂರದ ಜಾಗಕ್ಕೆ ಜಿಗಿಯುವುದು) ಮುಟ್ಟದಿರುವುದು, ಗೈಡ್ ವಿಡಿಯೊ ನೋಡದಿರುವುದು.

ಈ ಮಾತು ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಸ್ಕೈರಿಮ್. 2011ರಲ್ಲಿ ಬಂದದ್ದು, ಇವತ್ತಿಗೂ ಹಳತಾಗಿಲ್ಲ. ಶುರುವಿನ ಊರು ಹೆಲ್ಗೆನ್‌ನಿಂದ ತಪ್ಪಿಸಿಕೊಂಡು ಹೊರಬಂದ ಕ್ಷಣದಿಂದ ಇಡೀ ಸೀಮೆ ನಿಮ್ಮದೇ. ಮುಖ್ಯ ಕತೆಗೆ ಬೆನ್ನು ಹಾಕಿದ್ದರಿಂದ ಒಂದು ತಮಾಷೆಯೂ ಆಯಿತು: ವೈಟ್‌ರನ್ ಪಟ್ಟಣಕ್ಕೆ ಹೋಗಿ ಅಲ್ಲಿನ ಒಡೆಯ ಯಾರ್ಲ್‌ನ ಕೆಲಸ ಹಿಡಿಯುವವರೆಗೆ ಡ್ರ್ಯಾಗನ್‌ಗಳು ಹಾದಿಬೀದಿಯಲ್ಲಿ ಎದುರಾಗುವುದೇ ಇಲ್ಲ. ಡ್ರ್ಯಾಗನ್‌ಗಾಗಿಯೇ ಹೆಸರಾದ ಗೇಮ್‌ನಲ್ಲಿ ಗಿಡಮೂಲಿಕೆ ಕೀಳುತ್ತಾ, ಜಿಂಕೆ ಬೇಟೆಯಾಡುತ್ತಾ, ಡ್ರ್ಯಾಗನ್ನಿನ ಕಾಟವಿಲ್ಲದೆ ಬದುಕಬಹುದು. ಬಳಸಿದ ಕೌಶಲವೇ ಬೆಳೆಯುವುದರಿಂದ ಕತ್ತಿ ಹಿಡಿಯದೆ ಕಳ್ಳನಾಗಿಯೂ ಕಮ್ಮಾರನಾಗಿಯೂ ಲೆವೆಲ್ ಏರುತ್ತದೆ.

ತಕರಾರು ಎರಡು. ಮೇಲ್ಗಡೆಯ ದಿಕ್ಸೂಚಿ ಪಟ್ಟಿಯಲ್ಲಿ ಹತ್ತಿರದ ಗುಹೆ, ಕೋಟೆ, ಸಮಾಧಿಗಳ ಚಿಹ್ನೆಗಳು ನೀವು ಕಣ್ಣಾರೆ ಕಾಣುವ ಮೊದಲೇ ಮೂಡಿಬಿಡುತ್ತವೆ. ಗುಡ್ಡ ನೋಡಬೇಕಾದ ಕಣ್ಣು ಆ ಪಟ್ಟಿಗೇ ಅಂಟಿಕೊಳ್ಳುತ್ತದೆ. ಇನ್ನೊಂದು, ಬಹಳಷ್ಟು ಜಾಗಗಳಲ್ಲಿ ಶತ್ರುಗಳ ಬಲ ನಿಮ್ಮ ಲೆವೆಲ್‌ಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವುದೇನೋ ನಿಜ, ಆದರೆ ಎಲ್ಲಿಗೆ ಹೋದರೂ ಹೆಚ್ಚುಕಮ್ಮಿ ಅಷ್ಟೇ ಅಪಾಯ. ಇದಕ್ಕೆ ಹೊರತಾದ ಜಾಗಗಳೇ ನೆನಪಲ್ಲಿ ಉಳಿಯುವುದು: ಹೈ ಹ್ರಾತ್‌ಗಾರ್‌ಗೆ ಏರುವ ಮೆಟ್ಟಿಲ ದಾರಿಯ ಹಿಮದ ಟ್ರೋಲ್, ಇಲ್ಲವೇ ಒಂದೇ ಏಟಿಗೆ ನಿಮ್ಮನ್ನು ಆಕಾಶಕ್ಕೆ ಹಾರಿಸುವ ದೈತ್ಯರು.

ವಿಚರ್ 3ರಲ್ಲಿ ತಿರುಗಾಟಕ್ಕಿಂತ ಕತೆಯದೇ ಮೇಲುಗೈ. 2015ರ ಈ ಗೇಮ್‌ನ ಬರವಣಿಗೆಗೆ ಕೈ ಮುಗಿಯಬೇಕು. ವೆಲೆನ್‌ನ ಕೆಸರು ದಾರಿಯಲ್ಲಿ ಸಿಗುವ ಹಳ್ಳಿಯವನ ಸಣ್ಣ ಗೋಳಿನಲ್ಲೂ ಒಂದು ಕತೆ ಇರುತ್ತದೆ, ಬ್ಲಡಿ ಬ್ಯಾರನ್ ಪ್ರಸಂಗವಂತೂ ದಿನಗಟ್ಟಲೆ ತಲೆಯಲ್ಲಿ ಕೊರೆಯುತ್ತದೆ. ಆದರೆ ಅಲೆಯುವುದಕ್ಕೆ? ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಸ್ಕೆಲಿಗೆ ದ್ವೀಪಗಳ ಸುತ್ತಲಿನ ಕಡಲಿನಲ್ಲಿ ಅವು ರಾಶಿ ರಾಶಿ ಬಿದ್ದಿವೆ, ಹೆಚ್ಚಿನವು ಕಳ್ಳಸಾಗಣೆಯವರು ಬಚ್ಚಿಟ್ಟ ಮಾಲು. ದೋಣಿ ನಿಲ್ಲಿಸು, ಮೇಲಿಂದ ಎರಗುವ ಸೈರನ್‌ಗಳನ್ನು ಬಾಣದಿಂದ ಉರುಳಿಸು, ಮುಳುಗಿ ಪೆಟ್ಟಿಗೆ ತೆರೆ, ಮುಂದಿನದಕ್ಕೆ ಹೊರಡು. ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಅಂಗಡಿಯವನಿಗೆ ಮಾರುವ ಸಾಮಾನು. ಇದು ಅಲೆಮಾರಿತನವಲ್ಲ, ಮನೆಮನೆಗೆ ಹೋಗಿ ಜನಗಣತಿ ಮಾಡಿದ ಹಾಗೆ. ಅದೂ ಅಲ್ಲದೆ ಸಾಕುಮಗಳು ಸಿರಿ ಅಪಾಯದಲ್ಲಿದ್ದಾಳೆ, ನಾಯಕ ಗೆರಾಲ್ಟ್ ಅವಳನ್ನು ಹುಡುಕಬೇಕು; ಈ ಅವಸರದ ನಡುವೆ ಊರೂರು ತಿರುಗಿ ಗ್ವೆಂಟ್ ಎಂಬ ಇಸ್ಪೀಟಿನಂಥ ಆಟ ಆಡುತ್ತಾ ಕೂರುವುದಕ್ಕೆ ನನಗಂತೂ ಮನಸ್ಸು ಒಪ್ಪಲಿಲ್ಲ. ಕತೆಗಾಗಿ ಆಡಿ, ಅದಕ್ಕೆ ಸಾಟಿ ಇಲ್ಲ. ತಿರುಗಾಟಕ್ಕೆ ಮಾತ್ರ ಈ ಐವರಲ್ಲಿ ಕೊನೆಯ ಸ್ಥಾನ.

ನಿಂಟೆಂಡೊದ ಬ್ರೆತ್ ಆಫ್ ದಿ ವೈಲ್ಡ್ ಆರ್‌ಪಿಜಿಯೇ ಅಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ. ಲೆವೆಲ್ ಇಲ್ಲ, ಎಕ್ಸ್‌ಪಿ (ಅನುಭವದ ಅಂಕ) ಇಲ್ಲ, ಒಪ್ಪಿದೆ. ಆದರೂ ಬಿಡಲು ಆಗಲಿಲ್ಲ, ಯಾಕೆಂದರೆ ಮ್ಯಾಪ್ ವಿಷಯದಲ್ಲಿ 2017ರ ಈ ಗೇಮ್ ಮಾಡಿದ್ದು ಬಲು ಜಾಣತನದ ಕೆಲಸ. ಶುರುವಿನ ಎತ್ತರದ ಬಯಲು ಗ್ರೇಟ್ ಪ್ಲಾಟೊದ ನಾಲ್ಕು ಶ್ರೈನ್ (ಒಗಟು ಬಿಡಿಸುವ ಗುಡಿ) ಮುಗಿಸಿ ಪ್ಯಾರಾಗ್ಲೈಡರ್ ಕೈಗೆ ಬಂದಮೇಲೆ ನೇರ ಕೊನೆಯ ಶತ್ರುವಿನ ಕೋಟೆಗೇ ಹೋದರೂ ತಡೆಯುವವರಿಲ್ಲ. 15 ಗೋಪುರಗಳಿವೆ, ಹತ್ತಿದರೆ ಆ ಸೀಮೆಯ ಬೆಟ್ಟ, ಹೊಳೆ, ಹೆಸರುಗಳು ಮ್ಯಾಪ್‌ನಲ್ಲಿ ಮೂಡುತ್ತವೆ, ಆದರೆ ಎಲ್ಲಿ ಏನಿದೆ ಎಂದು ಗೇಮ್ ಹೇಳುವುದಿಲ್ಲ. ಗೋಪುರದ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿ, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಶ್ರೈನ್ ಕಂಡರೆ ನೀವೇ ಗುರುತು ಹಾಕಿಕೊಳ್ಳಬೇಕು. ಹುಡುಕುವ ಕೆಲಸ ಪೂರ್ತಿ ನಿಮ್ಮ ಕಣ್ಣಿನದು. ಮಳೆ ಬಂದರೆ ಬಂಡೆ ಜಾರುತ್ತದೆ, ಹತ್ತುತ್ತಿದ್ದದ್ದನ್ನು ಬಿಟ್ಟು ಚಾಚಿದ ಕಲ್ಲಿನ ಕೆಳಗೆ ಕಾಯಬೇಕು. ಇದಕ್ಕೆ ಬೈಯುವವರೇ ಹೆಚ್ಚು. ನನಗೆ ಆ ಕಾಯುವಿಕೆ ಇಷ್ಟ. ಕೊರತೆ ಇರುವುದು ದಾರಿಯ ತುದಿಯಲ್ಲಿ. ಹೋದಲ್ಲೆಲ್ಲ ಮತ್ತೊಂದು ಶ್ರೈನ್ (ಒಟ್ಟು 120), ಇಲ್ಲವೇ ಕೊರಾಕ್ ಬೀಜ (900!), ಇಲ್ಲವೇ ಸ್ವಲ್ಪ ಬಡಿದಾಡಿದರೆ ಮುರಿದುಹೋಗುವ ಕತ್ತಿ.

ದಾರಿ ಚೆನ್ನಾಗಿದ್ದು ತುದಿಯಲ್ಲೂ ಏನಾದರೂ ಇರಬೇಕು ಎಂದರೆ ಎಲ್ಡನ್ ರಿಂಗ್. 2022ರದ್ದು. ಹೊರಗೆ ಕಾಲಿಟ್ಟ ಕೂಡಲೇ ಚಿನ್ನದ ಕವಚದ ಕುದುರೆ ಸವಾರನೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಎದುರಿಸಿದರೆ ಸಾಯುತ್ತೀರಿ. ಪಾಠ ಅದೇ: ಬಗ್ಗಿಸಲು ಆಗದ್ದನ್ನು ಸುತ್ತುಬಳಸಿ ಹೋಗು. ಇಲ್ಲಿ ನಿಮ್ಮ ಲೆವೆಲ್ ನೋಡಿ ಯಾರೂ ಸೌಮ್ಯವಾಗುವುದಿಲ್ಲ, ಹಾಗಾಗಿ ನೆಲದ ಪ್ರತಿಯೊಂದು ತುಂಡಿಗೂ ತನ್ನದೇ ಬೆದರಿಕೆ ಇದೆ. ಕೆರೆಯ ಪಕ್ಕದ ಪಾಳುಗಟ್ಟಡದ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ತೆರೆದೆ. ಹೊಗೆ ಎದ್ದು, ಕಣ್ಣು ಬಿಡುವಾಗ ಎಲ್ಲೋ ದೂರದ ಗಣಿಯೊಳಗಿದ್ದೆ. ಅಲ್ಲಿಂದ ಹೊರಬೀಳುವವರೆಗೆ ಬೇರೆಡೆಗೆ ಜಿಗಿಯಲೂ ಬಿಡುವುದಿಲ್ಲ. ನುಸುಳಿಕೊಂಡು ಹೊರಬಂದರೆ ಕೆಂಪು ಆಕಾಶ, ಕೊಳೆತ ನೆಲ: ಕೇಲಿಡ್. ಅಲ್ಲಿಗೆ ಬರುವ ಯೋಗ್ಯತೆ ನನಗಿನ್ನೂ ಇರಲಿಲ್ಲ, ಗೇಮ್‌ಗೆ ಅದರ ಪರಿವೆಯೂ ಇರಲಿಲ್ಲ. ಮಿಸ್ಟ್‌ವುಡ್ ಕಾಡಿನ ಲಿಫ್ಟ್ ಇನ್ನೊಂದು. ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ, ಕೊನೆಗೆ ನೆಲದಡಿಯಲ್ಲೊಂದು ನಕ್ಷತ್ರ ತುಂಬಿದ ಆಕಾಶ.

ಮ್ಯಾಪ್ ಕೂಡ ತುಂಡು ತುಂಡಾಗಿ ದಕ್ಕಬೇಕು. ಖಾಲಿ ಹಾಳೆಯ ಮೇಲೆ ಕಂಬದ ಸಣ್ಣ ಗುರುತು ಮಾತ್ರ ಇರುತ್ತದೆ, ಅಲ್ಲಿಗೆ ಹೋದರೆ ಆ ಭಾಗದ ನಕ್ಷೆ. ಅದರಲ್ಲೂ ಪಾಳು ಗುಡಿ, ಸೇತುವೆಗಳ ಚಿತ್ರವನ್ನು ದಿಟ್ಟಿಸಿ ಊಹಿಸಬೇಕು. ಸ್ಟಾರ್ಮ್‌ವೇಲ್ ಕೋಟೆಯ ಕದನ ಬೇಡವೆಂದರೆ ಪಕ್ಕದ ಕುಸಿದ ದಾರಿ ಹಿಡಿದು ಲಿಯುರ್ನಿಯಾಗೆ ದಾಟಬಹುದು. ಆದರೆ ಈ ಸಡಿಲಿಕೆ ಕೊನೆಯವರೆಗೆ ಇರುವುದಿಲ್ಲ. ರಾಜಧಾನಿ ಲೇಂಡೆಲ್ ಒಳಹೊಗಲು ಎರಡು ಗ್ರೇಟ್ ರೂನ್ (ದೊಡ್ಡ ಶತ್ರುಗಳನ್ನು ಸೋಲಿಸಿದರೆ ಸಿಗುವಂಥವು) ಬೇಕೇ ಬೇಕು, ಅದರಾಚೆಯ ಹಿಮಪರ್ವತದ ಭಾಗ ಹೆಚ್ಚುಕಮ್ಮಿ ಒಂದೇ ದಾರಿ. ಮತ್ತೆ, ಜನರೊಂದಿಗೆ ಮಾತುಕತೆ, ಊರು, ಸಂತೆ ಬೇಕೆನ್ನುವವರಿಗೆ ಇಲ್ಲಿ ಮಸಣಮೌನ.

ಇವೆಲ್ಲದರ ಹಿರಿಯಣ್ಣ 2002ರ ಮಾರೋವಿಂಡ್. ಚಿತ್ರಗಳು ಮಂಕು, ನಡಿಗೆ ನಿಧಾನ, ಕತ್ತಿ ಕಣ್ಣೆದುರೇ ಮೈಗೆ ತಾಗಿದರೂ ಲೆಕ್ಕದಲ್ಲಿ ‘ತಪ್ಪಿತು’. ಮೊದಲ ಗಂಟೆಗಳಲ್ಲಿ ಬಿಟ್ಟುಬಿಡುವವರನ್ನು ನಾನು ದೂರುವುದಿಲ್ಲ. ಆದರೆ ಕ್ವೆಸ್ಟ್ (ವಹಿಸಿದ ಕೆಲಸ) ಎಲ್ಲಿದೆ ಎಂದು ತೋರಿಸುವ ಬಾಣದ ಗುರುತೇ ಇಲ್ಲ. ಯಾರನ್ನಾದರೂ ಕೇಳಿದರೆ ‘ಸೇತುವೆ ದಾಟಿ ಉತ್ತರಕ್ಕೆ ಹೋಗು, ಕವಲು ಸಿಕ್ಕಲ್ಲಿ ಎಡಕ್ಕೆ ತಿರುಗು’ ಅನ್ನುವ ಧಾಟಿಯಲ್ಲಿ ದಾರಿ ಹೇಳುತ್ತಾರೆ, ಅದು ಡೈರಿಯಲ್ಲಿ ಸೇರುತ್ತದೆ, ನೀವು ದಾರಿಗಂಬಗಳನ್ನು ಓದುತ್ತಾ ಹೋಗಬೇಕು. ಸೇಡಾ ನೀನ್ ಊರಾಚೆ ಸ್ವಲ್ಪ ನಡೆದರೆ ಆಕಾಶದಿಂದ ಕಿರುಚುತ್ತಾ ಮಂತ್ರವಾದಿಯೊಬ್ಬ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಮೂರು ಮಂತ್ರದ ಸುರುಳಿಗಳು. ಒಂದನ್ನು ಓದಿ ಜಿಗಿದರೆ ಬೆಟ್ಟಗಳನ್ನೇ ದಾಟಿ ಹಾರುತ್ತೀರಿ. ನೆಲ ಮುಟ್ಟುವ ಮುನ್ನ ಎರಡನೆಯದನ್ನು ಓದದಿದ್ದರೆ ಅವನ ಗತಿಯೇ ನಿಮಗೂ. ಕತೆಗೆ ಬೇಕಾದ ಮನುಷ್ಯನನ್ನು ಕೊಂದರೂ ಗೇಮ್ ತಡೆಯುವುದಿಲ್ಲ. ಕತೆ ಹಾಳಾಯಿತು, ಹಳೆಯ ಸೇವ್‌ಗೆ ಮರಳು ಅಥವಾ ಹೀಗೇ ಬದುಕು ಎಂದು ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಈ ಧೈರ್ಯ ಸ್ಕೈರಿಮ್‌ಗೆ ಬರಲಿಲ್ಲ. ಅಲ್ಲಿ ಮುಖ್ಯರಾದವರು ಏಟು ತಿಂದು ಮಂಡಿಯೂರಿ ಮತ್ತೆ ಎದ್ದು ನಿಲ್ಲುತ್ತಾರೆ.

ಫಾಲ್‌ಔಟ್: ನ್ಯೂ ವೇಗಸ್ ಬಗ್ಗೆಯೂ ಕೇಳುತ್ತೀರಿ. ಪಾತ್ರವಾಗಿ ಬದುಕುವ ಸ್ವಾತಂತ್ರ್ಯಕ್ಕೆ ಅದು ಎತ್ತಿದ ಕೈ. ತಿರುಗಾಟಕ್ಕೆ ಬಂದರೆ, ಶುರುವಿನ ಊರು ಗುಡ್‌ಸ್ಪ್ರಿಂಗ್ಸ್‌ನಿಂದ ಉತ್ತರಕ್ಕೆ ಹೊರಟವರನ್ನು ಕಜಡೋರ್ ಎಂಬ ದೈತ್ಯ ಕಣಜಗಳೂ ಡೆತ್‌ಕ್ಲಾ ಎಂಬ ಕ್ರೂರ ಮೃಗಗಳೂ ಅಟ್ಟಿಸಿಕೊಂಡು ಬಂದು ದಕ್ಷಿಣದ ಬಳಸುದಾರಿಗೇ ತಳ್ಳುತ್ತವೆ.

ನನ್ನ ಆಯ್ಕೆ ಎಲ್ಡನ್ ರಿಂಗ್, ಹಳೆಯ ರೂಪ ಸಹಿಸುವ ತಾಳ್ಮೆ ಇದ್ದರೆ ಮಾರೋವಿಂಡ್. ಸಾಯುತ್ತಾ ಸಾಯುತ್ತಾ ಕಲಿಯುವುದು ಬೇಡ ಎನ್ನುವವರಿಗೆ ಸ್ಕೈರಿಮ್ ಸಾಕು, ಆದರೆ ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಹಾಕಿಯಾದರೂ ದಿಕ್ಸೂಚಿಯ ಜಾಗದ ಚಿಹ್ನೆಗಳನ್ನು ತೆಗೆದುಬಿಡಿ. ಕ್ವೆಸ್ಟ್ ಗುರುತುಗಳನ್ನು ಮಾತ್ರ ಇಟ್ಟುಕೊಳ್ಳಿ. ಅಲ್ಲಿಯ ಡೈರಿ ‘ಇಂಥ ಗುಹೆಯಿಂದ ಕತ್ತಿ ತಾ’ ಎನ್ನುತ್ತದೆ ಹೊರತು ಆ ಗುಹೆ ಯಾವ ದಿಕ್ಕಿಗೆ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ.