ಹಳೇ ಕಿತ್ತಳೆ ಫೈಬರ್‌ನಲ್ಲಿ 10 ಗಿಗಾಬಿಟ್: ಎಸ್‌ಆರ್, ಎಲ್‌ಆರ್‌ಎಂ, ಇಲ್ಲಾ ಹೊಸ ಕೇಬಲ್ಲೇ?

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಕಾಲೇಜಿನಲ್ಲಿ ಸರ್ವರ್ ರೂಮಿನಿಂದ ಲೈಬ್ರರಿಗೆ ಒಂದು ಕಿತ್ತಳೆ ಬಣ್ಣದ ಫೈಬರ್ ಹೋಗಿದೆ. ಸುಮಾರು 160 ಮೀಟರ್. ಜಾಕೆಟ್ ಮೇಲೆ 62.5/125 ಅಂತ ಅಚ್ಚಾಗಿದೆ (ಕೋರ್, ಅಂದರೆ ಬೆಳಕು ಸಾಗುವ ನಡುಭಾಗ, 62.5 ಮೈಕ್ರಾನ್ ದಪ್ಪ), ಅಂದರೆ ಓಎಂ1 ಅನ್ನುವ ಹಳೇ ದರ್ಜೆಯ ಮಲ್ಟಿಮೋಡ್ ಫೈಬರ್. 1 ಗಿಗಾಬಿಟ್‌ನಲ್ಲಿ ಇಷ್ಟು ವರ್ಷ ತಕರಾರಿಲ್ಲದೆ ಓಡಿತು. ಈಗ 10ಕ್ಕೆ ಏರಿಸಬೇಕು, ಆದರೆ ರಸ್ತೆ ಅಗೆಯುವ ಹಾಗಿಲ್ಲ.

ಮೊದಲು ಕೈಯಲ್ಲೇ ಇದ್ದ ಎಸ್‌ಆರ್ ಮಾಡ್ಯೂಲ್ ಹಾಕಿದೆ (ಮಾಡ್ಯೂಲ್ ಅಂದರೆ ಸ್ವಿಚ್‌ಗೆ ಸಿಕ್ಕಿಸಿ ಸಿಗ್ನಲ್ಲನ್ನು ಬೆಳಕಾಗಿಸುವ ಸಣ್ಣ ಭಾಗ; ಎಸ್‌ಆರ್ ಕಮ್ಮಿ ದೂರದ್ದು). ಓಎಂ1ನಲ್ಲಿ ಅದರ ಮಿತಿ 33 ಮೀಟರ್ ಅಂತ ಗೊತ್ತಿತ್ತು, ಸುಮ್ನೆ ನೋಡೋಣ ಅಂತ. ಪವರ್ ಮೀಟರ್‌ನಲ್ಲಿ ಬೆಳಕು ಚೆನ್ನಾಗೇ ಕಾಣುತ್ತಿತ್ತು, ಲಿಂಕ್ ಮಾತ್ರ ಬರಲಿಲ್ಲ. ಇಲ್ಲಿ ತೊಂದರೆ ಬೆಳಕು ಕಮ್ಮಿಯಾಗುವುದಲ್ಲ, ಕಲಸಿಹೋಗುವುದು. ಇಷ್ಟು ದಪ್ಪ ಕೋರ್‌ನಲ್ಲಿ ಒಂದೇ ಪಲ್ಸ್ ನೂರಾರು ದಾರಿ ಹಿಡಿಯುತ್ತದೆ. ಒಟ್ಟಿಗೆ ಜಾತ್ರೆಗೆ ಹೊರಟವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ಸೇರಿದ ಹಾಗೆ. ಹಿಂದೆ ಉಳಿದವರು ಮುಂದಿನ ಗುಂಪಿನಲ್ಲಿ ಬೆರೆತುಬಿಡುತ್ತಾರೆ.

ಆಮೇಲೆ ಎಲ್‌ಆರ್‌ಎಂ. 2006ರಲ್ಲಿ ಬಂದ ಈ ಮಾನದಂಡ ಇಂಥ ಹಳೇ ಫೈಬರ್‌ಗೇ ಮಾಡಿದ್ದು: 1310 ನ್ಯಾನೋಮೀಟರ್ ಲೇಸರ್, 220 ಮೀಟರ್ ದೂರ. ಕಲಸಿದ ಸಿಗ್ನಲ್ ಅನ್ನು ರಿಸೀವರ್ ಕಡೆಯ ಚಿಪ್ ಮತ್ತೆ ಬಿಡಿಸಿಕೊಳ್ಳುತ್ತದೆ. ಮಾಡ್ಯೂಲ್ ಎಸ್‌ಎಫ್‌ಪಿ ಪ್ಲಸ್ ಅನ್ನುವ ಸಣ್ಣ ಮಾದರಿಯದ್ದಾದರೆ ಆ ಚಿಪ್ ಇರುವುದು ಸ್ವಿಚ್‌ನಲ್ಲಿ, ಮಾಡ್ಯೂಲ್‌ನಲ್ಲಲ್ಲ. ನಮ್ಮ ಒಂದು ಸ್ವಿಚ್‌ನಲ್ಲಿ ಅದು ಇರಲೇ ಇಲ್ಲ! ಮಾಡ್ಯೂಲ್ ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ.

ಸ್ವಿಚ್ ಬದಲಿಸಿ, ಮಾಮೂಲಿ ಪ್ಯಾಚ್ ಕಾರ್ಡ್ (ಮಾಡ್ಯೂಲಿಗೂ ಫೈಬರ್‌ಗೂ ನಡುವೆ ಜೋಡಿಸುವ ತುಂಡು ಕೇಬಲ್) ಹಾಕಿದಾಗ ಲಿಂಕ್ ಬಂತು. ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾದ ಲೆಕ್ಕ) ಮಾತ್ರ ಏರುತ್ತಲೇ ಹೋಯಿತು. ಎರಡೂ ತುದಿಗೆ ಮೋಡ್ ಕಂಡಿಷನಿಂಗ್ ಕಾರ್ಡ್ ಹಾಕಿದ ಮೇಲೆ ಕೌಂಟರ್ ನಿಂತಿತು. ಮೂರು ದಿನ ನೋಡಿದೆ, ಸೊನ್ನೆ.

ಈ ಕಾರ್ಡ್ ಮಜವಾಗಿದೆ. ಮಾಡ್ಯೂಲ್ ಕಡೆಯ ಎರಡು ಕಾಲಿನಲ್ಲಿ ಒಂದು ಹಳದಿ. ಅದು ಸಿಂಗಲ್ ಮೋಡ್ ಫೈಬರ್, ಅಂದರೆ ತೆಳು ಕೋರ್‌ನಲ್ಲಿ ಬೆಳಕಿಗೆ ಒಂದೇ ದಾರಿ. ಅದನ್ನು ಮಲ್ಟಿಮೋಡ್‌ಗೆ ನಡುಮಧ್ಯದಲ್ಲಲ್ಲ, ಬೇಕಂತಲೇ ಸ್ವಲ್ಪ ಪಕ್ಕಕ್ಕೆ ಬೆಸೆದಿರುತ್ತಾರೆ. ಹಳೇ ಫೈಬರ್‌ಗಳಲ್ಲಿ ಕೋರ್‌ನ ನಟ್ಟನಡುವೆ ತಯಾರಿಕೆಯಲ್ಲೇ ಉಳಿದ ಊನ ಇರುವುದು ಜಾಸ್ತಿ. ಬೆಳಕು ಅದನ್ನು ತಪ್ಪಿಸಿಕೊಂಡು ಹೊರಡುತ್ತದೆ. ಹಳದಿ ಕಾಲು ಟಿಎಕ್ಸ್‌ಗೇ, ಅಂದರೆ ಮಾಡ್ಯೂಲ್ ಬೆಳಕು ಕಳಿಸುವ ಕಿಂಡಿಗೇ ಹೋಗಬೇಕು. ನಾನು ಉಲ್ಟಾ ಹಾಕಿ ಅರ್ಧ ಗಂಟೆ ತಲೆ ಕೆರೆದುಕೊಂಡೆ. 50 ಮೈಕ್ರಾನ್ ಫೈಬರ್‌ಗೆ ಬರುವ ಕಾರ್ಡೇ ಬೇರೆ, ಅದನ್ನೂ ನೋಡಿ ತನ್ನಿ.

ಹೊಸ ಕೇಬಲ್ ವಿಷಯ: ಎಸ್‌ಆರ್ ಹೊಸ ದರ್ಜೆಯ ಮಲ್ಟಿಮೋಡ್‌ಗಳಾದ ಓಎಂ3ನಲ್ಲಿ 300 ಮೀಟರ್, ಓಎಂ4ನಲ್ಲಿ 400 ಮೀಟರ್ ಹೋಗುತ್ತದೆ. ಒಂದೇ ರೂಮಿನೊಳಗೆ ನಾನು ಓಎಂ4ನ್ನೇ ಬಳಸುತ್ತೇನೆ, ಅಗ್ಗ. ಕಟ್ಟಡದಿಂದ ಕಟ್ಟಡಕ್ಕಾದರೆ ಸಿಂಗಲ್ ಮೋಡ್. ಅಗೆಯುವ ಕೂಲಿ ಎರಡಕ್ಕೂ ಅಷ್ಟೇ ತಾನೇ? ಸಿಂಗಲ್ ಮೋಡ್‌ಗೆ ಇರುವ ದೂರದ ಎಲ್‌ಆರ್ ಮಾಡ್ಯೂಲ್ ಹಾಕಿದರೆ 10 ಕಿಲೋಮೀಟರ್. ನಾಳೆ 100 ಗಿಗಾಬಿಟ್ ಬೇಕೆಂದರೂ ಗ್ಲಾಸ್ ಅದೇ ಸಾಕು.

ಸದ್ಯಕ್ಕೆ ಲೈಬ್ರರಿ ಎಲ್‌ಆರ್‌ಎಂ ಮೇಲೆ ಓಡುತ್ತಿದೆ. ಎರಡೂ ತುದಿಯ ಹಳದಿ ಕಾಲಿಗೆ ‘ಟಿಎಕ್ಸ್, ಬಿಚ್ಚಬೇಡಿ’ ಅಂತ ಟೇಪ್ ಅಂಟಿಸಿದ್ದೇನೆ.